ಕಡೆಗೆ ಕೂತಾಗ ಬರೆದ ದೇವರು

ಮಾನ್ವಿಯ ನಮ್ಮ ಮನೆಯಲ್ಲಿ ಮುಟ್ಟಾದ ಹೆಣ್ಣುಮಕ್ಕಳು ಮೂರು ದಿನ ಕಡೆಗೆ ಕೂಡಬೇಕಿತ್ತು. ಹಿತ್ತಲ ಬದಿಗೆ ಸಣ್ಣ ಕೋಣೆ, ಒಂದು ಚಾಪೆ, ಬೇರೆ ತಾಟು. ಎಪ್ಪತ್ತರ ದಶಕದ ನಡುವೆ ನಾನಿನ್ನೂ ಹೈಸ್ಕೂಲು ಹುಡುಗಿ. ಅಪ್ಪ ಶಾಲೆಯ ಮಾಸ್ತರರು. ಸಂಜೆ ದೇವಸ್ಥಾನದಲ್ಲಿ ಪುರಾಣ ಓದುತ್ತಿದ್ದರು. ಬೆಳಿಗ್ಗೆ ಪಡಸಾಲೆಯಲ್ಲಿ ಅದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು ನನ್ನ ಕೋಣೆಗೂ ಕೇಳುತ್ತಿತ್ತು. ಕಡೆಗೆ ಕೂತಾಗ ಆ ಪುರಾಣದ ಪೋಥಿಯನ್ನು ಮುಟ್ಟುವಂತಿರಲಿಲ್ಲ. ಕೇಳಿದ್ದನ್ನೇ ಬಣ್ಣದ ಪೆನ್ಸಿಲಿನಲ್ಲಿ ಚಿತ್ರ ಮಾಡತೊಡಗಿದೆ.

ಪೆನ್ಸಿಲು ತಂದುಕೊಟ್ಟವರು ಅಪ್ಪನೇ. ರಾಯಚೂರಿಗೆ ಹೋದಾಗಲೆಲ್ಲ ಒಂದು ಡಬ್ಬಿ ತಂದು, ಹೊಸ್ತಿಲಾಚೆ ನಿಂತು, ಮುಟ್ಟದ ಹಾಗೆ ಮೇಲಿಂದ ನನ್ನ ಕೈಗೆ ಬಿಡುತ್ತಿದ್ದರು. ದೇವರ ಮೈಗೇ ಖರ್ಚಾಗಿ ನೀಲಿ ಎಲ್ಲಕ್ಕಿಂತ ಮೊದಲು ಸವೆಯುತ್ತಿತ್ತು. ಆನೆಯ ಕಾಲನ್ನು ಮೊಸಳೆ ಹಿಡಿದ ಚಿತ್ರ ನೋಡಿ ಬಾಗಿಲಲ್ಲೇ ನಕ್ಕಿದ್ದರು.

"ಮೊಸಳಿ ಹಲ್ಲಿಹಂಗ ಕಾಣಸ್ತದಲ್ಲ! ಬಾಯಿ ಇನ್ನೂ ಅಗಲ ತಗಿ."

ಎರಡು ವರ್ಷಕ್ಕೆ ಚಿತ್ರಗಳ ದೊಡ್ಡ ಕಟ್ಟೇ ಆಯಿತು. ಆ ಸಲ ದೇವಸ್ಥಾನದಲ್ಲಿ ಏಳು ದಿನದ ಪ್ರವಚನವಿತ್ತು. ರಾಯಚೂರಿನಿಂದ ಹಿರಿಯ ಆಚಾರ್ಯರೊಬ್ಬರು ಬಂದಿದ್ದರು. ಅಪ್ಪ ಮಂಟಪದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ನನ್ನ ಚಿತ್ರಗಳನ್ನು ತಾವೇ ತೂಗುಹಾಕಿದರು. ಆಚಾರ್ಯರು ಆನೆಯ ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಯಾರು ತಗದದ್ರೀ ಇವು?"

"ನಮ್ಮ ಹುಡುಗಿರೀ," ಅಂದರು ಅಪ್ಪ. ಆ ದನಿಯಲ್ಲಿದ್ದ ಹಿಗ್ಗು ಹೆಂಗಸರ ಸಾಲಿನಲ್ಲಿ ಕೂತಿದ್ದ ನನಗೂ ಕೇಳಿಸಿತು.

ನನ್ನ ಪಕ್ಕದಲ್ಲೇ ಅತ್ತೆ, ಅಪ್ಪನ ಅಕ್ಕ, ಇದ್ದಳು. ನಮ್ಮ ಮನೆಯಲ್ಲೇ ಇರುವವಳು.

"ಕಡಿಗಿ ಕೂತಾಗ ತಗದದ್ದು ಅವು," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಮೈಲಿಗಿ ಕೈಲೆ ದೇವರನ್ನ ಬರದು ಇಲ್ಲಿ ತಂದು ಕಟ್ಯಾರ."

ಆಚಾರ್ಯರು ಚಿತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದು ಅಪ್ಪನ ಕಡೆ ತಿರುಗಿದರು.

"ಇದು ನಿಮಗ ಗೊತ್ತಿತ್ತೇನ್ರಿ?"

ಅತ್ತೆಯ ಮಾತಿಗೆ ನಾನು ಅಷ್ಟು ಹೆದರಿರಲಿಲ್ಲ. ಅಪ್ಪ ಇದ್ದರಲ್ಲ. ಅವರು ನನ್ನ ಕಡೆ ಒಮ್ಮೆ ನೋಡಿದರು.

"ಇಲ್ರಿ," ಅಂದರು. "ನಮಗೇನೂ ತಿಳಿಸದಽ ಮಾಡ್ಯಾಳ."

ಆಮೇಲೆ ಹಗ್ಗದಿಂದ ಒಂದೊಂದೇ ಚಿತ್ರ ಇಳಿಸಿದರು. ಮರುದಿನ ತುಂಗಭದ್ರೆಗೆ ಹೊರಟಿದ್ದವರ ಕೈಗೆ ಗಂಟು ಕಟ್ಟಿ ಕೊಟ್ಟರು, ಹೊಳೆಗೆ ಬಿಡಿರೆಂದು. ನಾನು ಎಲ್ಲರೆದುರು ಆಚಾರ್ಯರಿಗೆ ಅಡ್ಡಬಿದ್ದು ತಪ್ಪಾಯಿತು ಅಂದೆ. ಸುಳ್ಳು ಅಪ್ಪನದು, ತಪ್ಪೊಪ್ಪಿಗೆ ನನ್ನದು.

ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ. ನಾನು ಶಿಕ್ಷಕಿಯರ ತರಬೇತಿಗೆಂದು ರಾಯಚೂರು ಸೇರಿದೆ, ಅಲ್ಲಿಂದ ಕೆಲಸ ಸಿಕ್ಕು ದೇವದುರ್ಗಕ್ಕೆ ಹೋದೆ. ಎಂಬತ್ತರ ದಶಕದಲ್ಲಿ ಒಮ್ಮೆ ಅಪ್ಪ ಅಲ್ಲಿಗೆ ಬಂದರು. ತರಗತಿಯ ಗೋಡೆಗೆ ನಾನು ಬರೆದು ಹಚ್ಚಿದ್ದ ಜೋಳ, ಸಜ್ಜೆ, ಶೇಂಗಾ ಬೆಳೆಗಳ ಪಟ ನೋಡಿ, "ಚಲೋ ತಗದೀ," ಎಂದರು.

ಇಷ್ಟು ವರ್ಷ ನುಂಗಿಕೊಂಡದ್ದು ಹೊರಬಂತು. "ಅವತ್ತ ಗುಡಿಯಾಗ ಯಾಕ ಹಂಗಂದ್ರಿ, ಅಪ್ಪಾ?"

ಅವರು ನೆನಪಿಲ್ಲವೆಂದು ನಟಿಸಲಿಲ್ಲ. ಬೆಂಚಿನ ಮೇಲೆ ಕೂತರು.

"ಅವರೆಲ್ಲ ಹೊರಗಿನವರು. ಅವರ ಮುಂದ ನನ್ನ ಮಾನ ಹೋಗಿದ್ರ ತಿರುಗಿ ಬರತಿದ್ದಿಲ್ಲ. ನೀ ಮನಿ ಮಗಳು. ತಡಕೋತಿ ಅನಿಸ್ತು."

ಕ್ಷಮಿಸು ಅನ್ನುತ್ತಾರೆಂದು ಕಾದೆ. ಅವರು ಕನ್ನಡಕ ಒರೆಸಿಕೊಂಡು ಮಾನ್ವಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದರು. ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಕರೆದುಕೊಂಡು ಹೋದೆ, ಕಿಟಕಿ ಬದಿಯ ಸೀಟು ಹಿಡಿದುಕೊಟ್ಟೆ. ಬಸ್ಸು ಹೊರಡುವ ತನಕ ನಾನು ನಿಲ್ಲಲಿಲ್ಲ.