ನಮ್ಮತ್ತೆ ಮೃದಂಗ ಕಲಿತದ್ದು

ನಮ್ಮತ್ತೆ ಕಮಲಾಕ್ಷಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ಮೃದಂಗ ಕಲಿಯುತ್ತೇನೆ ಎಂದು ಹೊರಟಾಗಲೇ ನನಗೆ ಗೊತ್ತಾಗಿದ್ದು, ಗೋವಿಂದರಾಜನಗರದ ನಮ್ಮ ಒಂದೇ ಕ್ರಾಸಿನಲ್ಲಿ ಎಷ್ಟೊಂದು ವಿದ್ವಾಂಸರಿದ್ದಾರೆ ಅಂತ. ಇಸ್ತ್ರಿ ಅಂಗಡಿಯವನು ಬೆರಳಿಗೆ ಎಳ್ಳೆಣ್ಣೆ ತಿಕ್ಕಿ ಎಂದ. ಎದುರುಮನೆ ಆಂಟಿ ಮೊದಲು ಪ್ರಾಣಾಯಾಮ ಮಾಡಿ ಎಂದರು. ನನ್ನ ಗಂಡ ಮಹೇಶ್, ಆರತಿ ಹೊತ್ತಿನಲ್ಲಿ ಚಪ್ಪಾಳೆಯನ್ನೂ ತಾಳ ತಪ್ಪಿ ತಟ್ಟುವ ಮಹಾನುಭಾವರು, "ಯೂಟ್ಯೂಬ್ ಇದೆಯಲ್ಲಮ್ಮ, ಮೇಷ್ಟ್ರು ಯಾಕೆ?" ಎಂದರು. ಅತ್ತೆ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ಸಂಗೀತದ ಹುಚ್ಚೇನೂ ಇರಲಿಲ್ಲ. ಇದ್ದದ್ದು ನೀಲಮ್ಮನವರ ಚಿಂತೆ. ಇಬ್ಬರೂ ಇಪ್ಪತ್ತೆಂಟು ವರ್ಷ ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಅಗರಬತ್ತಿ ಹೊಸೆದವರು. ಹೊಸೆಯುತ್ತಲೇ ನೀಲಮ್ಮ ದೇವರನಾಮ ಹೇಳಿಕೊಡುತ್ತಿದ್ದರು, ಅತ್ತೆ ಕಲಿಯುತ್ತಿದ್ದರು. ಹೋದ ವರ್ಷ ನ್ಯುಮೋನಿಯಾ ಆದಮೇಲೆ ನೀಲಮ್ಮನಿಗೆ ಉಸಿರು ಸಾಲದಾಯಿತು. ನಮ್ಮ ದೇವಸ್ಥಾನದ ಶನಿವಾರದ ಭಜನಾ ಮಂಡಳಿಯಲ್ಲಿ ಮೃದಂಗಕ್ಕೆ ಕೂರುವವರು ವೆಂಕಟಸ್ವಾಮಿ ಎಂಬ ಯಜಮಾನರು. ಅವರು ಹಾಡನ್ನು ನಿಧಾನಕ್ಕೆ ಶುರು ಮಾಡಿಸಿ, ಚರಣಕ್ಕೆ ಬರುವಷ್ಟರಲ್ಲಿ ಹೊರಟ ಬಸ್ಸಿನ ಹಿಂದೆ ಓಡಿಸುವಂತೆ ಓಡಿಸುತ್ತಿದ್ದರು. ನೀಲಮ್ಮ ಸಾಲಿನ ಮಧ್ಯೆ ನಿಂತುಬಿಡುತ್ತಿದ್ದರು. "ನೀವು ಸುಮ್ನೆ ಕೂತ್ಕೊಂಡು ಕೇಳಿ ನೀಲಮ್ಮ" ಎಂದು ಮಂಡಳಿಯವರು ಬಹಳ ಗೌರವದಿಂದ ಹೇಳಿದರು. ಮರುವಾರದಿಂದ ಅವರು ಬರಲೇ ಇಲ್ಲ.

ಸ್ವಲ್ಪ ನಿಧಾನ ಬಾರಿಸಿ ಎಂದು ಅತ್ತೆ ಕೇಳಿದ್ದಕ್ಕೆ ವೆಂಕಟಸ್ವಾಮಿಯವರು, "ಹಾಡೋರು ನನ್ ಜೊತೆ ಬರ್ಬೇಕಮ್ಮ" ಎಂದರಂತೆ. ಪಕ್ಕವಾದ್ಯಕ್ಕೆ ಆ ಹೆಸರು ಯಾಕೆ ಬಂತೋ ಪಾಪ ಅವರಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ನಾನೇ ಬಾರಿಸ್ತೀನಿ ಕಣೇ ಶುಭಾ. ನೀಲಕ್ಕ ಮತ್ತೆ ಹಾಡ್ಬೇಕು."

ವಿಜಯನಗರದ ಯೋಗಾನಂದ ಮೇಷ್ಟ್ರು ಅವರನ್ನು ಎಂಟು ವರ್ಷದ ಮಕ್ಕಳ ಬ್ಯಾಚಿಗೆ ಸೇರಿಸಿಕೊಂಡರು. ಮೇಷ್ಟ್ರ ಸಲಹೆಗಳಲ್ಲಿ ಎಳ್ಳೆಣ್ಣೆ ಇರಲಿಲ್ಲ. "ಮೂರು ತಿಂಗಳು ವಾದ್ಯ ಕೊಳ್ಳಬೇಡಿ ಅಮ್ಮ, ದಿಂಬು ಸಾಕು. ಬಾಯಲ್ಲಿ ಬರದೇ ಇರೋದು ಕೈಯಲ್ಲಿ ಬರಲ್ಲ, ಮೊದಲು ಬಾಯಲ್ಲಿ ಹೇಳಿ. ಉಗುರು ತೆಗೀರಿ. ಬೆನ್ನು ನೆಟ್ಟಗಿರಲಿ. ನಿಧಾನವಾಗಿ ಬಾರಿಸೋದೇ ಕಷ್ಟ, ವೇಗ ಎಲ್ಲರಿಗೂ ಬರುತ್ತೆ." ಕೊನೆಯದನ್ನು ಕೇಳಿ ಅತ್ತೆಗೆ ಆದ ಸಂತೋಷ ನನ್ನ ಮದುವೆ ದಿನವೂ ಆಗಿರಲಿಲ್ಲ.

ಅಲ್ಲಿಂದ ನಮ್ಮ ಮನೆಯಲ್ಲಿ ದಿಂಬುಗಳಿಗೆ ಕೇಡುಗಾಲ ಬಂತು. ಬೆಳಗ್ಗೆ ಐದೂವರೆಗೆ ತ ಧಿ ತೋಂ ನಂ, ಬೇಳೆ ಬೇಯುವಾಗ ತ ಧಿ ತೋಂ ನಂ, ನಾನು ಆಫೀಸಿನ ಗೋಳು ಹೇಳಿಕೊಳ್ಳುವಾಗಲೂ ತೊಡೆಯ ಮೇಲೆ ತ ಧಿ ತೋಂ ನಂ. ಮೃದಂಗ ಬಂದಮೇಲೆ ಉಪ್ಪಿಟ್ಟಿಗೂ ಕುತ್ತು ಬಂತು. ಅದರ ಎಡಬದಿಯ ಚರ್ಮಕ್ಕೆ ನೀರಲ್ಲಿ ಕಲಸಿದ ರವೆ ಮೆತ್ತಿದರೆ ನಾದ ಗಂಭೀರವಾಗುತ್ತದಂತೆ. ಬಾರಿಸಿ ಮುಗಿದ ಕೂಡಲೇ ಕೆರೆದು ತೆಗೆಯಬೇಕು ಎಂದು ಮೇಷ್ಟ್ರು ಹೇಳಿದ್ದನ್ನು ಅತ್ತೆ ಒಂದು ದಿನ ಮರೆತರು. ಬೆಳಗಾಗುವಷ್ಟರಲ್ಲಿ ಇರುವೆಗಳ ಭಜನಾ ಮಂಡಳಿ ನೆರೆದಿತ್ತು. ಒರೆಸಿದವಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಮೃದಂಗ ಬಂದು ಆರು ತಿಂಗಳಾಯಿತು. "ಇನ್ನೊಂದು ವರ್ಷ ಯಾರ ಮುಂದೇನೂ ಬಾರಿಸ್ಬೇಡಿ" ಎಂದಿದ್ದರು ಮೇಷ್ಟ್ರು. ಒಂದು ಶನಿವಾರ ಸಂಜೆ ವೆಂಕಟಸ್ವಾಮಿಯವರು ದೇವಸ್ಥಾನಕ್ಕೆ ಫೋನ್ ಮಾಡಿ, ಮಾಗಡಿ ರೋಡಿನ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡಿದ್ದೇನೆ, ಇವತ್ತು ಬರೀ ತಾಳದಲ್ಲಿ ನಡೆಸಿ ಎಂದರು. ಅತ್ತೆ ನನ್ನ ಕಡೆ ತಿರುಗಿ, "ಮೃದಂಗ ತಗೊಂಡ್ಬಾ. ಹಾಗೇ ನೀಲಕ್ಕನ್ನೂ" ಎಂದರು. ಎರಡನ್ನೂ ಆಟೋದಲ್ಲಿ ತಂದೆ. ದಾರಿಯುದ್ದಕ್ಕೂ ನೀಲಮ್ಮ, "ಬೇಡ ಕಣಮ್ಮ, ಮತ್ತೆ ಸುಮ್ನಿರಿ ಅಂತಾರೆ" ಎನ್ನುತ್ತಿದ್ದರು.

ಅತ್ತೆ ರವೆ ಮೆತ್ತಿ, ಕಾಲು ಮಡಿಸಲಾಗದೆ ಮಣೆಯ ಮೇಲೆ ಕೂತು ಶುರು ಮಾಡಿದರು. ಎಷ್ಟು ನಿಧಾನ ಎಂದರೆ ಮಂಡಳಿಯ ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿದರು. ನಾನು ಮಹೇಶ್‌ಗೆ ತೋರಿಸಿ ನಗೋಣವೆಂದು ಮೊಬೈಲಿನಲ್ಲಿ ವಿಡಿಯೋ ಹಿಡಿದಿದ್ದೆ. ನೀಲಮ್ಮ ಮೊದಲು ಬರೀ ತುಟಿ ಆಡಿಸಿದರು. ಎರಡನೇ ಸಾಲಿಗೆ ದನಿ ಬಂತು. ಚರಣದ ಪ್ರತಿ ಸಾಲಿನ ಕೊನೆಗೆ ಉಸಿರು ತೆಗೆದುಕೊಂಡರು, ಅತ್ತೆಯ ಕೈ ಅಷ್ಟೂ ಹೊತ್ತು ಕಾಯಿತು. ಹಾಡು ಪೂರ್ತಿಯಾಯಿತು.

ಆದರೆ ನಿಲ್ಲಲಿಲ್ಲ. ಮೃದಂಗದವರು ಮುಕ್ತಾಯ ಬಾರಿಸಿ ನಿಲ್ಲಿಸಬೇಕು, ಮೇಷ್ಟ್ರ ಪಾಠ ಇನ್ನೂ ಅಲ್ಲಿಗೆ ಬಂದೇ ಇರಲಿಲ್ಲ. ಅತ್ತೆ ಗಾಬರಿಯಿಂದ ನನ್ನ ಮುಖ ನೋಡಿದರು. ನನ್ನನ್ನು ನೋಡಿ ಏನು ಪ್ರಯೋಜನ, ನನಗೆ ಬರುವುದು ಇರುವೆ ಒರೆಸುವುದು. ಅವರು ಬಾರಿಸುತ್ತಲೇ ಹೋದರು, ನೀಲಮ್ಮ ಪಲ್ಲವಿಗೆ ವಾಪಸು ಬಂದರು. ಮತ್ತೊಮ್ಮೆ, ಇನ್ನೊಮ್ಮೆ. ಐದನೇ ಸಲಕ್ಕೆ ಉಳಿದವರೆಲ್ಲ ಸುಸ್ತಾಗಿ ಸುಮ್ಮನಾದರು, ಅಧ್ಯಕ್ಷರೂ. ಇಡೀ ದೇವಸ್ಥಾನದಲ್ಲಿ ಹಾಡುತ್ತಿದ್ದದ್ದು ನೀಲಮ್ಮ ಒಬ್ಬರೇ. ಮೊಬೈಲ್ ಹಿಡಿದಿದ್ದ ನನಗೆ ಅಳು ಬಂತು. ಸುಳ್ಳು ಯಾಕೆ ಹೇಳಲಿ.

ಕೊನೆಗೆ ನೀಲಮ್ಮನೇ ಬಗ್ಗಿ, ಅತ್ತೆಯ ಕೈ ಮೇಲೆ ತಮ್ಮ ಕೈ ಇಟ್ಟು ಮೃದಂಗ ನಿಲ್ಲಿಸಿದರು.

"ಸಾಕು ಕಣೇ ಕಮಲೂ" ಎಂದರು. "ಒಂದು ವರ್ಷದ್ದು ಎಲ್ಲಾ ಹಾಡ್ಬಿಟ್ಟೆ."