ಬಣ್ಣ ನೋಡಿ ಕೊಟ್ಟ ಗುಳಿಗೆ

ಮಕ್ಕಳೇ, ನಾನು ಚಿಕ್ಕವನಿದ್ದಾಗ, ಐದನೆಯ ಇಯತ್ತೆಯ ವರ್ಷ, ಒಂದು ಭಾನುವಾರ. ಬೆಳಿಗ್ಗೆ ಎಂಟು ಗಂಟೆ. ಕಾಗದದ ಮಿಲ್ಲಿನ ಸೈರನ್ನು, ನಮ್ಮ ಭೋಂಗಾ, ಆಗಷ್ಟೇ ಕೂಗಿತ್ತು. ದಾಂಡೇಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ನಾಲ್ವರೂ ಇದ್ದೆವು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ. ಅವ್ವ ಅವನ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಒತ್ತುತ್ತಿದ್ದಳು. ಸುಟ್ಟ ಬಟ್ಟೆಯ ವಾಸನೆ ಕೋಣೆ ತುಂಬಿತ್ತು.

ಅಪ್ಪನದು ಮಿಲ್ಲಿನಲ್ಲಿ ಬಿದಿರು ಹೊರುವ ಕೆಲಸ. ಹಾಗಾಗಿ ನಮ್ಮಲ್ಲಿ ನೋವಿನ ಗುಳಿಗೆಗಳಿಗೆ ಬರವಿರಲಿಲ್ಲ. ಸೊಂಟಕ್ಕೆ ತಂದದ್ದು, ಹಲ್ಲಿಗೆ ತಂದದ್ದು, ಯಾರೋ ಜೊತೆಗಾರರು ಕೊಟ್ಟದ್ದು, ಎಲ್ಲ ಗೋಡೆಯ ಮಾಡದಲ್ಲಿ ಸೂಜಿ ದಾರಗಳ ನಡುವೆ ಬಿದ್ದಿರುತ್ತಿದ್ದವು. ನನಗೆ ಅದು ಸೇರುತ್ತಿರಲಿಲ್ಲ. ಶಾಲೆಯಲ್ಲಿ ಗುರುಗಳು ನನ್ನ ಓರಣವನ್ನು ಎಲ್ಲರೆದುರು ಹೊಗಳಿದ್ದರು. ಆ ದಿನ ಅವ್ವನ ಹಳೆಯ ಮಸಾಲೆ ಡಬ್ಬಿ ತೊಳೆದು ಒರೆಸಿದೆ. ಗುಳಿಗೆಗಳನ್ನು ಒಂದೊಂದಾಗಿ ಪಟ್ಟಿಯಿಂದ ಬಿಡಿಸಿ, ಬಿಳಿಯವು ಒಂದು ಬಟ್ಟಲಿಗೆ, ಗುಲಾಬಿ ಒಂದಕ್ಕೆ, ಹಳದಿ ಇನ್ನೊಂದಕ್ಕೆ ಹಾಕಿದೆ. ಖಾಲಿ ಪಟ್ಟಿಗಳನ್ನು ಬಚ್ಚಲ ಒಲೆಗೆ ಎಸೆದೆ. ಅವು ಚುರ್‍ರೆಂದು ಸುರುಟಿಕೊಂಡು ಕರಗಿದ್ದು ನೋಡಲು ಚೆಂದವಿತ್ತು.

ಒಂಬತ್ತೂವರೆಗೆ ಅಕ್ಕ ಹಣೆ ಒತ್ತಿಕೊಳ್ಳುತ್ತ ಬಂದಳು. ಅವಳಿಗೆ ಆಗ ಹದಿನಾರು.

"ಏನ್ರೀ ಕಂಪೌಂಡರ್ ಸಾಹೇಬ್ರ, ತಲಿ ಸಿಡ್ಯಾಕ ಹತ್ತೇತಿ. ನಿಮ್ಮ ದವಾಖಾನ್ಯಾಗ ಏನರ ಐತೇನು?"

"ಬಿಳೇದು ಕೊಡ್ಲೋ, ಗುಲಾಬಿ ಕೊಡ್ಲೋ?"

"ನನ್ನ ಲಂಗ ಗುಲಾಬಿ ಐತಿ, ಅದಕ್ಕ ಬಿಳೇದ ಕೊಡಪಾ," ಎಂದು ನಕ್ಕಳು.

ಬಿಳಿಯ ಬಟ್ಟಲಿನಿಂದ ಕೈಗೆ ಸಿಕ್ಕ ಒಂದನ್ನು ತೆಗೆದು, ನೀರಿನ ತಂಬಿಗೆಯೊಡನೆ ಕೊಟ್ಟೆ.

ಹತ್ತು ನಿಮಿಷವೂ ಆಗಿರಲಿಲ್ಲ. ಅಕ್ಕ ಕುತ್ತಿಗೆ ಕೆರೆದುಕೊಳ್ಳತೊಡಗಿದಳು. ಮೈಮೇಲೆ ಕೆಂಪು ದದ್ದು ಎದ್ದವು. ತುಟಿ ಊದಿತು, ಕಣ್ಣು ಮುಚ್ಚಿಹೋದವು. ಉಸಿರು ಎಳೆದಾಗ ತೂತುಬಿದ್ದ ತಿದಿಯಂಥ ಸದ್ದು ಬರುತ್ತಿತ್ತು. ನೆಟ್ಟಗೆ ನಿಲ್ಲಲಾರದ ಅಪ್ಪ ಎದ್ದು ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿ ತಳ್ಳಿಕೊಂಡು ದವಾಖಾನೆಗೆ ಓಡಿದ. ಅವ್ವ ಅವಳನ್ನು ಬೀಳದಂತೆ ಹಿಡಿದಿದ್ದಳು. ನಾನು ಡಬ್ಬಿ ಅವುಚಿಕೊಂಡು ಹಿಂದೆ ಓಡಿದೆ.

ಡಾಕ್ಟರು ಮೊದಲು ಸೂಜಿ ಚುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಯಾವ ಗುಳಿಗಿ ಕೊಟ್ಟಿ?"

ಡಬ್ಬಿ ತೆರೆದು ತೋರಿಸಿದೆ. ಬಿಳಿಯ ಬಟ್ಟಲಲ್ಲಿ ಮೂರು ನಾಲ್ಕು ಜಾತಿಯವು ಬೆರೆತಿದ್ದವು.

"ಇದರಾಗ ಯಾವುದು? ಹೆಸರಿದ್ದ ಪಟ್ಟಿ ಎಲ್ಲೈತಿ?"

"ಒಲಿಗೆ ಹಾಕೀನ್ರಿ," ಎಂದೆ.

ಅವರು ಬಯ್ಯಲಿಲ್ಲ. ಅಪ್ಪನಿಗೆ ಮಾತ್ರ ಹೇಳಿದರು: "ಇವತ್ತ ಉಳೀತಾಳ. ಇದರಾಗ ಒಂದು ಈಕೀಗೆ ವಿಷ ಐತಿ, ಯಾವುದಂತ ನನಗೂ ತಿಳಿಯಂಗಿಲ್ಲ. ಮತ್ತ ಅದ ಹೊಟ್ಟಿಗೆ ಹೋದ್ರ ಇಲ್ಲಿತನಕಾ ತರಾಕೂ ಆಗೂದಿಲ್ಲ. ಇನ್ನಮ್ಯಾಲೆ ನೋವಿನ ಗುಳಿಗಿ ಒಂದೂ ಕೊಡಬ್ಯಾಡ್ರಿ."

ಮಕ್ಕಳೇ, ಆ ಒಂದು ಮಾತನ್ನು ಅಕ್ಕ ಇಂದಿಗೂ ಪಾಲಿಸುತ್ತಿದ್ದಾಳೆ. ಮೂರು ಹೆರಿಗೆ, ಕಿತ್ತಿಸಿದ ಹಲ್ಲುಗಳು, ಜಾರಿಬಿದ್ದು ಮುರಿದ ಮಣಿಕಟ್ಟು, ಈಗ ಊದಿದ ಮೊಣಕಾಲು, ಎಲ್ಲವನ್ನೂ ಗುಳಿಗೆ ಇಲ್ಲದೆ ತಾಳಿಕೊಂಡಳು. ನೀವು ಅವಳನ್ನು ಸಿಡುಕಿನ ಅಜ್ಜಿ ಎನ್ನುತ್ತೀರಿ. ಅವಳಿಗೆ ಸಿಡುಕಲ್ಲ, ನೋವು. ಹುಬ್ಬಳ್ಳಿಯ ಡಾಕ್ಟರು ಈಗ ಪರೀಕ್ಷೆ ಮಾಡಿ, ಆಗುವ ಗುಳಿಗೆಯನ್ನು ಹುಡುಕಬಹುದು ಎಂದಿದ್ದಾರೆ. ಅಕ್ಕ ಒಪ್ಪುವುದಿಲ್ಲ. "ಒಮ್ಮೆ ಸಾವು ನೋಡಿ ಬಂದೇನಿ, ಸಾಕು," ಎನ್ನುತ್ತಾಳೆ.

ನಿಮ್ಮ ಮನೆಯಲ್ಲಿ ತಲೆನೋವು ಎಂದರೆ ಅಮ್ಮ ಪಟ್ಟಿಯ ಮೇಲಿನ ಹೆಸರು, ತಾರೀಖು ಎರಡನ್ನೂ ಓದುತ್ತಾಳೆ. ಊಟ ಆಗಿದೆಯೇ ಎಂದು ಕೇಳುತ್ತಾಳೆ. ಸಂಶಯ ಬಂದರೆ ಡಾಕ್ಟರಿಗೆ ಫೋನು ಮಾಡುತ್ತಾಳೆ. ಅಷ್ಟು ಹೊತ್ತು ಕಾಯುವುದಕ್ಕೆ ನೀವು ಮುಖ ಸಿಂಡರಿಸುತ್ತೀರಿ. ಕಾಯಿರಿ.

ಆ ಭಾನುವಾರದ ಕೊನೆಯ ಕೆಲಸವನ್ನೂ ಹೇಳಿಬಿಡುತ್ತೇನೆ. ಸಂಜೆ ಏಳು ಗಂಟೆ. ಅಕ್ಕ ದವಾಖಾನೆಯ ಮಂಚದ ಮೇಲೆ ಮಲಗಿದ್ದಳು, ಅವ್ವ ಅವಳ ಬಳಿ ಇದ್ದಳು. ಮನೆಯಲ್ಲಿ ಅಪ್ಪ, ನಾನು. ಅಪ್ಪ ನನ್ನ ಮುಂದೆ ಒಂದು ಹಾಳೆ ಇಟ್ಟ.

"ನಿನ್ನ ಅಕ್ಷರ ಚೆಂದ ಅದಾವು. ಬರಿ. ನಿಮ್ಮಕ್ಕ ಎಲ್ಲೇ ಹೋದ್ರೂ ಈ ಚೀಟಿ ಆಕಿ ಜೋಡಿ ಇರಬೇಕು."

ಅಕ್ಕನ ಹೆಸರು, ಊರು ಬರೆದೆ. 'ಈ ಗುಳಿಗೆ ಕೊಡಬಾರದು' ಎಂದು ಬರೆದೆ. ಮುಂದೆ ಗುಳಿಗೆಯ ಹೆಸರು ಬರೆಯಬೇಕಿತ್ತು. ಕೈ ನಿಂತಿತು.

ಅಪ್ಪ ಆ ಖಾಲಿ ಜಾಗದ ಮೇಲೆ ಬೆರಳಿಟ್ಟ. "ಯಾವುದೂ ಅಂತ ಬರಿ," ಎಂದ.

ಬರೆದೆ. ಮಸಿ ಆರಿದ ಮೇಲೆ ಹಾಳೆಯನ್ನು ನಾಲ್ಕಾಗಿ ಮಡಚಿ ಅವನ ಕೈಗೆ ಕೊಟ್ಟೆ.