ಮಾಳಮ್ಮ ತುಂಬದ ಬಿಟ್ಟ ಸ್ಥಳ

ಕೋವಿಡ್ ಕಳೆದು ಶಾಲೆಗಳು ಪೂರ್ತಿ ತೆರೆದ ವರ್ಷ. ಕೂಡ್ಲಿಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಶಿಕ್ಷಕ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಕೀ ಉತ್ತರ ತಯಾರಿಸುವ ಕೆಲಸ ಹಿರಿಯನೆಂದು ನನ್ನ ಪಾಲಿಗೆ ಬಂದಿತ್ತು. ಇಂಗ್ಲಿಷ್ ಶಿಕ್ಷಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದರೆ ಕೊಟ್ಟೂರು, ಹಡಗಲಿಯವರೂ ಅದನ್ನೇ ಇಟ್ಟುಕೊಂಡು ತಿದ್ದುತ್ತಿದ್ದರು. ತಿದ್ದುವಾಗ ಪ್ರಶ್ನೆ ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ, ನಾನೂ ಸೇರಿ.

ಅಜ್ಜ ಸಂಜೆಯವರೆಗೆ ಕುರಿ ಕಾಯ್ದ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ಬಿಟ್ಟ ಸ್ಥಳಕ್ಕೆ ‘ಬೈ’, ‘ಅಂಟಿಲ್’ ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಕೆಲಸ ಆ ಹೊತ್ತಿನವರೆಗೂ ನಡೆಯುತ್ತಲೇ ಇದ್ದರೆ ಅಂಟಿಲ್; ಆ ಹೊತ್ತಿನೊಳಗೆ ಮುಗಿಯುವುದಾದರೆ ಬೈ. ಅವಸರದಲ್ಲಿ ನಾನು ಕೀಯಲ್ಲಿ ಬೈ ಎಂದು ಬರೆದಿದ್ದೆ. ಅಂಟಿಲ್ ಬರೆದ ಮಾಳಮ್ಮನಿಗೆ ಸೊನ್ನೆ ಹಾಕಿದೆ.

ಗುಡೇಕೋಟೆ ಕಡೆಯ, ಕುರಿ ಸಾಕುವ ಮನೆಯ ಹುಡುಗಿ. ಉತ್ತರಪತ್ರಿಕೆ ಹಿಡಿದು ಎದ್ದು ನಿಂತಳು.

“ಸರ್, ನಾವು ಸಂಜಿತನಕ ಕುರಿ ಕಾಯ್ತೀವ್ರಿ, ಸಂಜಿಯೊಳಗ ಹಟ್ಟಿಗೆ ಬರ್ತೀವ್ರಿ. ಎರಡೂ ಒಂದ ಹೆಂಗ ಆಗ್ತೈತ್ರಿ?”

ತಪ್ಪು ತಕ್ಷಣ ಹೊಳೆಯಿತು. ಇಡೀ ತರಗತಿ ನನ್ನ ಮುಖ ನೋಡುತ್ತಿತ್ತು. ತಪ್ಪು ಒಪ್ಪಿಕೊಳ್ಳುವ ಬದಲು, ಸಂಜೆ ಎಂಬ ಪದ ಬಂದರೆ ಬೈ ಮಾತ್ರ ಎಂಬ ಇಲ್ಲದ ನಿಯಮವೊಂದನ್ನು ಬೋರ್ಡಿನ ಮೇಲೆ ಬರೆದುಬಿಟ್ಟೆ. ಎರಡು ಸಲ ಎಲ್ಲರಿಂದ ಗಟ್ಟಿಯಾಗಿ ಹೇಳಿಸಿದೆ ಕೂಡ.

ಆಮೇಲೆ ಕೈಕಾಲು ಕಟ್ಟಿಹಾಕಿದಂತಾಯಿತು. ಕೀ ಬಗ್ಗೆ ಅನುಮಾನ ಬಂದು ಫೋನ್ ಮಾಡಿದ ಹಡಗಲಿಯ ಮೇಡಂ ಒಬ್ಬರಿಗೂ ಅದೇ ನಿಯಮ ಒಪ್ಪಿಸಿದೆ. ನೀವು ಹೇಳಿದ ಮೇಲೆ ಮುಗಿಯಿತು ಎಂದು ಅವರು ಫೋನ್ ಇಟ್ಟರು. ವಾರ್ಷಿಕ ಪರೀಕ್ಷೆ ಹತ್ತಿರವಿತ್ತು. ನನ್ನ ಮರ್ಯಾದೆ ಉಳಿಯಬೇಕಾದರೆ ಮಕ್ಕಳು ತಪ್ಪನ್ನೇ ಬರೆದು ಅಂಕ ಕಳೆದುಕೊಳ್ಳಬೇಕು.

ಯಾರಾದರೂ ಸರಿ ಬರೆದರೆ ಅದೇ ನೆಪದಲ್ಲಿ ತಿದ್ದಿಕೊಳ್ಳಬಹುದು ಎಂಬ ಆಸೆಯಿಂದ ಕಿರುಪರೀಕ್ಷೆಯಲ್ಲಿ ಅಂಥದೇ ಪ್ರಶ್ನೆ ಕೊಟ್ಟೆ. ಎಲ್ಲರೂ ಬೈ ಬರೆದಿದ್ದರು. ಮಾಳಮ್ಮನ ಹಾಳೆಯಲ್ಲಿ ಮಾತ್ರ ಆ ಸ್ಥಳ ಖಾಲಿ. ಕರೆದು ಯಾಕೆಂದು ಕೇಳಿದೆ.

“ಸರಿ ಬರದ್ರ ನಿಮ್ಮದು ತಪ್ಪಾಗ್ತೈತ್ರಿ. ತಪ್ಪು ಬರ್ಯಾಕ ನನಗ ಮನಸ್ಸು ಬರ್ಲಿಲ್ರಿ.”

ನಾಚಿಕೆಯಿಂದ ಕುಗ್ಗಿಹೋದೆ. ನಾನು ಸಿಕ್ಕಿಕೊಂಡಿದ್ದೇನೆ ಎಂದು ಒದ್ದಾಡುತ್ತಿದ್ದೆನೇ ಹೊರತು, ಜೊತೆಗೆ ಈ ಮಗುವನ್ನೂ ಸಿಕ್ಕಿಸಿದ್ದು ನನಗೆ ಕಂಡಿರಲಿಲ್ಲ. ಅಂದೇ ತರಗತಿಯಲ್ಲಿ, ನಾನು ಹೇಳಿಕೊಟ್ಟಿದ್ದು ತಪ್ಪು, ತಪ್ಪೆಂದು ಗೊತ್ತಿದ್ದೇ ಹೇಳಿಕೊಟ್ಟೆ ಎಂದೆ. ಗ್ರೂಪಿನಲ್ಲೂ ಅದನ್ನೇ ಬರೆದೆ. ಮಕ್ಕಳು ನೋಟ್‌ಬುಕ್ ತೆರೆದು ಆ ಸಾಲನ್ನು ಹೊಡೆದುಹಾಕಿದರು. ಮಾಳಮ್ಮ ಪೆನ್ನು ಎತ್ತಲಿಲ್ಲ. ಅವಳು ಅದನ್ನು ಬರೆದುಕೊಂಡೇ ಇರಲಿಲ್ಲ.

ಮಗು ಉತ್ತರ ಬಿಟ್ಟರೆ ಗೊತ್ತಿಲ್ಲವೆಂದು ತಿಳಿದು ಸೊನ್ನೆ ಹಾಕುವುದು ನಮ್ಮ ರೂಢಿ. ಸೇವೆಯ ಉಳಿದ ಎರಡು ವರ್ಷ, ಖಾಲಿ ಬಿಟ್ಟ ಸ್ಥಳ ಕಂಡಾಗಲೆಲ್ಲ, ನಾನು ಏನು ಕಲಿಸಿದ್ದೆ ಎಂದು ಮೊದಲು ನೋಡಿಕೊಂಡೆ.